‘ಮೊಸರು ಇಲ್ಲ’ ಎಂಬ ನಮ್ಮನೆ ವೈಫೈ

ಜಂಬಪಡಲು ಮನುಷ್ಯರಿಗೆ ಏನಾದರೊಂದು ಸಂಖ್ಯೆ ಬೇಕು. ನಮ್ಮಮ್ಮನ ಕಾಲದಲ್ಲಿ ಮನೆಯ ಹಸು ಎಷ್ಟು ಲೀಟರ್ ಹಾಲು ಕೊಡುತ್ತದೆ ಎನ್ನುವುದರ ಮೇಲೆ ಮರ್ಯಾದೆ ನಿಂತಿತ್ತು. ನಾನು ಮದುವೆಯಾಗಿ ಹಳೇಬೀಡಿಗೆ ಬಂದ ಹೊಸದರಲ್ಲಿ ಕುಕ್ಕರ್ ಎಷ್ಟು ಲೀಟರಿನದು ಎಂದು ಕೇಳುತ್ತಿದ್ದರು. ಐವತ್ತು ದಾಟಿದ ಮೇಲೆ ಗೆಳತಿಯರು ಸೇರಿದಾಗ ಶುಗರು, ಬಿ.ಪಿ.ಗಳ ಲೆಕ್ಕ ಶುರುವಾಗುತ್ತದೆ. ಹೆಚ್ಚು ಇರುವವರ ದನಿಯಲ್ಲೇ ಹೆಚ್ಚು ಹೆಮ್ಮೆ ಇರುವುದನ್ನು ನಾನು ಗಮನಿಸಿದ್ದೇನೆ. ಇವರನ್ನೆಲ್ಲ ಆಡಿಕೊಂಡು ನಗುತ್ತಿದ್ದವಳು ನಾನು. ಈಗ ನಗುವ ಯೋಗ್ಯತೆ ಉಳಿದಿಲ್ಲ, ಏಕೆಂದರೆ ಇಂಟರ್ನೆಟ್ಟಿನ ಸ್ಪೀಡಿನ ವಿಷಯದಲ್ಲಿ ನಾನು ದಿನವೂ ಸುಳ್ಳು ಹೇಳುತ್ತಿದ್ದೆ. ಅದೂ ಕಾಂಪೌಂಡಿನ ಆ ಕಡೆ ನಿಂತ ಧರಣೇಂದ್ರಯ್ಯನವರಂಥ ಹಿರಿಯರಿಗೆ.

ಧರಣೇಂದ್ರಯ್ಯನವರು ನಮ್ಮ ಪಕ್ಕದ ಮನೆಯವರು. ಹುಲಿಕೆರೆ ಕಡೆ ತೆಂಗಿನ ತೋಟವಿದೆ, ಕೊಬ್ಬರಿ ವ್ಯಾಪಾರವಿದೆ. ಜೈನರಾದ್ದರಿಂದ ಹೊತ್ತು ಮುಳುಗುವ ಮುಂಚೆ ಅವರ ಮನೆಯಲ್ಲಿ ಊಟ ಮುಗಿದಿರುತ್ತದೆ. ಉಳಿದವರ ಮನೆಗಳಲ್ಲಿ ಸಾರಿಗೆ ಇನ್ನೂ ಬೇಳೆ ಬೇಯುತ್ತಿರುವಾಗ ಅವರು ಉಂಡು, ಬಾಯಿ ತೊಳೆದು, ಮಾಡಲು ಬೇರೆ ಕೆಲಸವಿಲ್ಲದೆ ಫೋನು ಹಿಡಿದು ಕಾಂಪೌಂಡಿನ ಬಳಿ ಬಂದು ನಿಲ್ಲುತ್ತಾರೆ. ಮಧ್ಯಾಹ್ನವೆಲ್ಲ ಅರಸೀಕೆರೆ ಮಂಡಿಗೆ ಫೋನು ಹಚ್ಚಿ ಕೊಬ್ಬರಿ ರೇಟು ಕೇಳುತ್ತಾರಲ್ಲ, ಅದೇ ದನಿಯಲ್ಲಿ, “ಏನ್ ಜಯಮ್ಮಾ, ಇವತ್ತು ಎಷ್ಟು?” ಎನ್ನುತ್ತಾರೆ. ಅಂದರೆ ಸ್ಪೀಡ್ ಟೆಸ್ಟಿನಲ್ಲಿ ಎಷ್ಟು ಬಂತು ಎಂದು ಅರ್ಥ. ಅವರದು ಹೊಸ ಫೈಬರ್ ಲೈನು. ಅವರ ಫೋನಿನ ಮುಳ್ಳು ಮೂವತ್ತು ಮುಟ್ಟಿ ಅಲ್ಲಿಯೇ ಕೂತಿರುತ್ತದೆ. ನಮ್ಮದು ಹಳೆಯ ಕೇಬಲ್ ಆಪರೇಟರ್ ತೆಂಗಿನ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದ ವೈರು. ತೋಟದಲ್ಲಿ ಕಾಯಿ ಕೀಳಿಸಿದ ದಿನ ಗೊನೆ ವೈರಿನ ಮೇಲೆ ಬಿದ್ದು ನೆಟ್ ಹೋಗುತ್ತದೆ. ಗೊನೆ ಬೀಳದ ದಿನಗಳಲ್ಲಿಯೂ ನಾಲ್ಕು ದಾಟಿದರೆ ನಮಗೆ ಹಬ್ಬ.

ಆದರೆ ನಾಲ್ಕು ಎಂದು ಹೇಳುವುದು ಹೇಗೆ? ಸಂಜೆ ಅವರು ಊಟಕ್ಕೆ ಕೂತಿರುವ ಹೊತ್ತಿಗೆ ನಾನು ಫೋನನ್ನು ವೈಫೈ ಡಬ್ಬಿಗೆ ತಾಗಿಸಿ, ಟಿ.ವಿ. ಆರಿಸಿ, ಉಸಿರು ಬಿಗಿಹಿಡಿದು ಟೆಸ್ಟು ಮಾಡುತ್ತಿದ್ದೆ. ಉಸಿರಿಗೂ ಸ್ಪೀಡಿಗೂ ಏನು ಸಂಬಂಧ ಎಂದು ಕೇಳಬೇಡಿ. ಐದಾರು ಸಲ ಮಾಡಿ ಎಲ್ಲಕ್ಕಿಂತ ಹೆಚ್ಚು ಬಂದದ್ದನ್ನು ನೆನಪಿಟ್ಟುಕೊಂಡು, ಅದಕ್ಕೆ ಒಂದಿಷ್ಟು ಸೇರಿಸಿ ಹೇಳುತ್ತಿದ್ದೆ. ಒಂದು ಸಂಜೆ ಹಾಗೆ ಟೆಸ್ಟು ಮಾಡುವಾಗ ಪರದೆಯ ಮೂಲೆಯಲ್ಲಿ ನೂರ ನಲವತ್ತು ಎಂಬ ಅಂಕಿ ಕಂಡಿತು. ಇಷ್ಟು ದಿನ ನಾನೇ ಸರಿಯಾಗಿ ನೋಡಿರಲಿಲ್ಲವೇನೋ ಎಂದುಕೊಂಡು, ಕಾಂಪೌಂಡಿಗೆ ಹೋಗಿ ಸಮಾಧಾನವಾಗಿ “ನೂರ ನಲವತ್ತು” ಎಂದೆ. ಧರಣೇಂದ್ರಯ್ಯನವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಒಳಗೆ ಹೋದರು. ಎರಡು ಸಂಜೆ ಆ ಕಡೆ ಸುಳಿಯಲೇ ಇಲ್ಲ. ಮೂರನೆಯ ಸಂಜೆ ಮುಖ ಅರಳಿಸಿಕೊಂಡು ಬಂದವರು, “ಜಯಮ್ಮಾ, ಅದು ಪಿಂಗು ಅಂತೆ ಕಣಮ್ಮ. ಅದು ಜಾಸ್ತಿ ಬಂದಷ್ಟೂ ನೆಟ್ಟು ನಿಧಾನ ಅಂತ ಲೆಕ್ಕ. ನಮ್ಮದು ಬರೀ ಎಂಟು ಐತೆ” ಎಂದರು. ನನಗೆ ಅವಮಾನವಾಯಿತು ನಿಜ, ಆದರೆ ಅವರು ಬಾರದ ಎರಡು ಸಂಜೆಗಳು ಅದಕ್ಕಿಂತ ಕಷ್ಟವಾಗಿದ್ದವು. ಜಾವಗಲ್ಲಿನ ಹೈಸ್ಕೂಲು ಆಫೀಸಿನಲ್ಲಿ ಫೈಲು ನೋಡಿ, ಬಸ್ಸಿನಲ್ಲಿ ಬಂದು, ಬೀಗ ತೆಗೆದರೆ ಮನೆಯಲ್ಲಿ ನನ್ನ ಜೊತೆ ಮಾತನಾಡುವುದಕ್ಕೆ ಇರುವುದು ಕುಕ್ಕರಿನ ಸೀಟಿ ಒಂದೇ. ‘ಇವತ್ತು ಎಷ್ಟು’ ಎಂದು ಕೇಳುವ ಒಬ್ಬರಾದರೂ ಇರಲಿ ಎನ್ನಿಸುತ್ತದೆ.

ಈಗ ನೀವು ಕೇಳಬಹುದು, ಇಷ್ಟು ಆಸೆಯಿದ್ದವಳು ನೀನೂ ಒಂದು ಫೈಬರ್ ಹಾಕಿಸಿಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು. ಧರಣೇಂದ್ರಯ್ಯನವರೂ ಅದನ್ನೇ ಕೇಳುತ್ತಿದ್ದರು. ನಾನು ಅದಕ್ಕೆಲ್ಲ ಒಂದೊಂದು ದಿನ ಒಂದೊಂದು ನೆಪ ಹೇಳುತ್ತಿದ್ದೆ. ಗೋಡೆಗೆ ತೂತು ಹೊಡೆದರೆ ಸುಣ್ಣ ಉದುರುತ್ತದೆ ಎಂದೆ. ಒಬ್ಬಳಿಗೆ ನಾಲ್ಕು ಸಾಕು ಎಂದೆ. ಆಷಾಢ ಕಳೆಯಲಿ ಎಂದೆ. ನಿಜವಾದ ಕಾರಣ ಬೇರೆ ಇತ್ತು. ಅದು ನಮ್ಮ ವೈಫೈಯ ಹೆಸರು.

ನಮ್ಮ ವೈಫೈಯ ಹೆಸರು ‘ಮೊಸರು ಇಲ್ಲ’.

ಇದನ್ನು ಇಟ್ಟವರು ನಮ್ಮ ಯಜಮಾನರು. ಅವರು ಹಾಸನ–ಅರಸೀಕೆರೆ ರೂಟಿನಲ್ಲಿ ಬಸ್ ಕಂಡಕ್ಟರ್ ಆಗಿದ್ದರು. ಬೆಳಗಿನಿಂದ ಸಂಜೆಯವರೆಗೆ ‘ಒಳಗೆ ನಡೀರಿ, ಚಿಲ್ಲರೆ ಕೊಡಿ, ಬಾಗಿಲಲ್ಲಿ ನಿಲ್ಲಬೇಡಿ’ ಎಂದು ಕೂಗಿ ಕೂಗಿ, ಮನೆಗೆ ಬರುವ ಹೊತ್ತಿಗೆ ಅವರ ಗಂಟಲಿನಲ್ಲಿ ಮಾತು ಮುಗಿದಿರುತ್ತಿತ್ತು. ಊಟ ಬಡಿಸಲಾ ಎಂದರೆ ತಲೆ ಆಡಿಸುವರು. ಇನ್ನೊಂದು ಮುದ್ದೆ ಎಂದರೆ ಕೈ ಅಡ್ಡ ಹಿಡಿಯುವರು. ನಾನೋ ಇಡೀ ದಿನ ಆಫೀಸಿನಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಸಂಜೆಗೆಂದು ಮಾತು ಕೂಡಿಟ್ಟುಕೊಂಡು ಬರುವವಳು. ಈ ಸಂಸಾರ ಹೇಗೆ ನಡೆಯಿತೆಂದು ಕೆಲವು ಸಲ ನನಗೇ ಆಶ್ಚರ್ಯವಾಗುತ್ತದೆ. ವೈಫೈ ಹಾಕಿಸಿದ ಹೊಸದರಲ್ಲಿ, ಅದರ ಹೆಸರನ್ನು ಬೇಕೆಂದಾಗ ಬದಲಾಯಿಸಬಹುದು ಎಂದು ಅವರು ಕೇಬಲ್ಲಿನವನಿಂದ ಕಲಿತುಕೊಂಡರು. ಅಂದಿನಿಂದ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ನನ್ನ ಫೋನಿನಲ್ಲಿ ಇದ್ದಕ್ಕಿದ್ದ ಹಾಗೆ ನೆಟ್ ಹೋಗುತ್ತಿತ್ತು. ಏನಾಯಿತೆಂದು ಪಟ್ಟಿ ತೆಗೆದು ನೋಡಿದರೆ ನಮ್ಮ ವೈಫೈಗೆ ‘ಗ್ಯಾಸ್ ಬುಕ್ ಮಾಡು’ ಎಂದು ಹೆಸರಾಗಿರುತ್ತಿತ್ತು. ಇನ್ನೊಂದು ದಿನ ‘ಉಪ್ಪು ಜಾಸ್ತಿ’. ನಾನು ಮುನಿಸಿಕೊಂಡು ಮಲಗಿದ ಒಂದು ಭಾನುವಾರ ಮಧ್ಯಾಹ್ನ ‘ತಪ್ಪು ನಂದೇ’ ಎಂದಿತ್ತು. ಅಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ನಾನು ಇನ್ನರ್ಧ ಗಂಟೆ ಮುನಿಸಿಕೊಂಡಿರುತ್ತಿದ್ದೆ. ಬೀದಿಗೆಲ್ಲ ಕಾಣುವ ಹಾಗೆ ಹಾಕಿದ್ದು ನೋಡಿ ನಗು ಬಂದು, ಎದ್ದು ಕಾಫಿ ಮಾಡಿದೆ. ಹೆಸರು ಬದಲಾಯಿಸುವುದನ್ನು ನಾನು ಕಲಿಯಲಿಲ್ಲ. ನನ್ನ ಉತ್ತರವೆಲ್ಲ ಬಾಯಲ್ಲೇ, ಅಡುಗೆಮನೆಯಿಂದಲೇ.

ಮೂರು ವರ್ಷದ ಕೆಳಗೆ ಒಂದು ಬೆಳಿಗ್ಗೆ ಅವರು ಮೊದಲನೇ ಬಸ್ಸಿನ ಡ್ಯೂಟಿಗೆ ಹೊರಟುಹೋದ ಮೇಲೆ ನಾನು ಎದ್ದೆ. ಫೋನು ತೆಗೆದರೆ ನೆಟ್ ಇಲ್ಲ. ಪಟ್ಟಿಯಲ್ಲಿ ‘ಮೊಸರು ಇಲ್ಲ’ ಎಂದಿತ್ತು. ಅವರಿಗೆ ಮೊಸರಿಲ್ಲದೆ ಊಟ ಮುಗಿಯುತ್ತಿರಲಿಲ್ಲ. ನನಗೆ ಮೊಸರು ಸೇರುವುದಿಲ್ಲ, ಅದರ ವಾಸನೆಯೂ ಆಗದು. ಹಾಗಾಗಿ ಮೊಸರಿನ ಮಡಕೆ ಖಾಲಿಯಾದದ್ದು ನನಗೆ ಎಂದೂ ತಾನಾಗಿ ತಿಳಿಯುತ್ತಿರಲಿಲ್ಲ. ಆ ದಿನ ಸಂಜೆ ಜಾವಗಲ್ಲಿನ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಮೊಸರು ತೆಗೆದುಕೊಂಡು ಬಸ್ ಹತ್ತಿದೆ. ಬಸ್ಸು ಊರು ಬಿಡುವ ಮುಂಚೆ ಫೋನು ಬಂತು. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಡ್ಯೂಟಿ ಮುಗಿಸಿ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಹೃದಯ ಅಂದರು. ಮೊಸರು ನನ್ನ ಚೀಲದಲ್ಲಿಯೇ ಇತ್ತು. ತಂದಿದ್ದೇನೆ ಎಂದು ಅವರಿಗೆ ಹೇಳುವುದಕ್ಕೆ ಆಗಲಿಲ್ಲ. ಇಷ್ಟು ಸಣ್ಣ ವಿಷಯ ಇಷ್ಟು ದಿನ ನೋಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅಂದಿನಿಂದ ನಮ್ಮ ವೈಫೈಗೆ ಅದೇ ಹೆಸರು. ಬದಲಾಯಿಸಲು ನನಗೆ ಬರುವುದಿಲ್ಲ, ಬಂದಿದ್ದರೂ ಬದಲಾಯಿಸುತ್ತಿರಲಿಲ್ಲ. ಬೀದಿಯ ಎಲ್ಲರ ಫೋನಿನಲ್ಲೂ ಅದು ಕಾಣುತ್ತದೆ. ದೇವಸ್ಥಾನ ನೋಡಲು ಬಂದವರು ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಿ ಫೋನು ತೆಗೆದರೆ ಅವರಿಗೂ ಕಾಣುತ್ತದೆ. ಉತ್ತರದ ಕಡೆಯ ಒಬ್ಬರು ನಮ್ಮ ಮನೆಯ ಹೆಸರೇ ಅದು ಎಂದುಕೊಂಡು, ‘ಮೋಸರೂ ಇಲ್ಲಾ’ ಹೋಂಸ್ಟೇನಾ ಎಂದು ಕೇಳಿದ್ದುಂಟು. ಧರಣೇಂದ್ರಯ್ಯನವರಂತೂ “ನಿಮ್ಮ ಮೊಸರಿಲ್ಲ ಇವತ್ತು ಚೆನ್ನಾಗೈತಾ?” ಎಂದು ಮಾಮೂಲಿಯಾಗಿ ಕೇಳುತ್ತಾರೆ. ದಿನಾ ಬೆಳಿಗ್ಗೆ ಆ ಹೆಸರಿನ ಪಕ್ಕದಲ್ಲಿ ಸರಿ ಗುರುತು ಕಂಡರೆ, ನಮ್ಮವರು ಈಗ ತಾನೆ ಹೇಳಿ ಡ್ಯೂಟಿಗೆ ಹೋದರು ಎನ್ನುವ ಹಾಗೆ ಒಂದು ಗಳಿಗೆ ಅನ್ನಿಸುತ್ತದೆ. ಒಂದೇ ಗಳಿಗೆ. ಆ ಒಂದು ಗಳಿಗೆಗಾಗಿ ನಾನು ನಾಲ್ಕರ ಸ್ಪೀಡನ್ನು ಸಹಿಸಿಕೊಂಡಿದ್ದೆ. ಹೆಸರು ಆ ಡಬ್ಬಿಯೊಳಗೆ ಇದೆ, ಡಬ್ಬಿ ಹೋದರೆ ಹೆಸರೂ ಹೋಗುತ್ತದೆ ಎಂದು ನನ್ನ ತಿಳುವಳಿಕೆ. ಇದನ್ನು ಯಾರ ಬಳಿಯಾದರೂ ಕೇಳಬಹುದಿತ್ತು. ಕೇಳಿದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದು ಹೇಳುವಾಗ ನಾನು ಅತ್ತುಬಿಟ್ಟರೆ ಎಂಬ ಭಯಕ್ಕೆ ಕೇಳಲಿಲ್ಲ.

ಹೀಗಿರುವಾಗ ಕೇಬಲ್ ಆಪರೇಟರೇ ಒಂದು ದಿನ ಬಂದು, “ಮೇಡಂ, ನಾನು ಈ ಬಿಸಿನೆಸ್ ಬಿಡ್ತಾ ಇದ್ದೀನಿ. ಈ ತಿಂಗಳು ಮುಗಿದ್ರೆ ಲೈನ್ ಇರಲ್ಲ. ಬೇರೆ ಯಾವುದಾದ್ರೂ ನೋಡ್ಕಳಿ. ಡಬ್ಬಿ ನಿಮ್ಮತ್ರನೇ ಇಟ್ಕಳಿ, ನನಗೇನೂ ಬೇಡ” ಎಂದು ಹೇಳಿ ಹೋದರು. ಡಬ್ಬಿ ಇದ್ದು ಲೈನ್ ಇಲ್ಲದ ಮೇಲೆ ಏನು ಮಾಡುವುದು? ಆ ವಾರ ನನಗೆ ಊಟ ಸರಿಯಾಗಿ ಸೇರಲಿಲ್ಲ. ಆಫೀಸಿನಲ್ಲಿ ಹೆಡ್‌ಮಾಸ್ಟರು, “ಜಯಮ್ಮನೋರೆ, ಹುಷಾರಿಲ್ವಾ?” ಎಂದು ಕೇಳಿದರು. ನೆಟ್ ಬದಲಾಯಿಸಬೇಕು ಸಾರ್ ಎಂದೆ. ಅದಕ್ಕೆ ಇಷ್ಟೊಂದು ಮುಖ ಬಾಡಿಸಿಕೊಳ್ಳುವವರನ್ನು ಅವರು ಮೊದಲ ಸಲ ನೋಡಿರಬೇಕು.

ಹೊಸ ಕನೆಕ್ಷನ್ ಬುಕ್ ಮಾಡುವ ಕೆಲಸವನ್ನು ಧರಣೇಂದ್ರಯ್ಯನವರು ಸಂಭ್ರಮದಿಂದ ವಹಿಸಿಕೊಂಡರು. ಕಾಂಪೌಂಡಿನ ಮೇಲೆ ಫೋನಿಟ್ಟು ಮೂರು ನಾಲ್ಕು ಕಂಪನಿಗಳ ಪ್ಲಾನುಗಳನ್ನು ಹೋಲಿಸಿ ಹೋಲಿಸಿ ತೋರಿಸಿದರು. ಮೂವತ್ತು, ಐವತ್ತು, ನೂರು ಎಂದು ಅವರು ಓದುತ್ತಿದ್ದರೆ ಸೀರೆ ಅಂಗಡಿಯಲ್ಲಿ ಕೂತ ಹಾಗಿತ್ತು. “ಒಬ್ಬರಿಗೆ ಮೂವತ್ತು ಬೇಕಾದಷ್ಟಾಯ್ತು ಜಯಮ್ಮ. ನಮ್ಮನೇಲಿ ಇಬ್ರಿಗೂ ಅದೇ ಇರೋದು” ಎಂದರು. ಆ ಸಂಕಟದಲ್ಲೂ ನನ್ನ ಹಳೆಯ ಚಟ ಹೋಗಲಿಲ್ಲ ನೋಡಿ, “ನೂರು ಹಾಕಿಬಿಡಿ” ಎಂದೆ. ಅವರ ಕನ್ನಡಕ ಮತ್ತೆ ಕೆಳಗಿಳಿಯಿತು. ಆದರೂ ದೊಡ್ಡ ಮನಸ್ಸು ಅವರದು. ಹೊಸ ವೈರು ಅವರ ಮಾಳಿಗೆಯ ಮೇಲೆ ಹಾದು ಬರಬೇಕಾಗಿತ್ತು. “ಬರಲಿ ಬಿಡಮ್ಮ, ಮರದ ಮೇಲೆ ಬ್ಯಾಡ, ಮಾಳಿಗೆ ಮೇಲೇ ಬರಲಿ. ನಮಗಿಂತ ಜೋರಾಗಿ ನಮ್ಮ ತಲೆ ಮೇಲೇ ಹೋಗ್ಲಿ” ಎಂದರು.

ಕಂಪನಿಯಿಂದ ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ಒಳಗೆ ಬರುತ್ತಾರೆಂದು ಮೆಸೇಜು ಬಂತು. ನಾನು ರಜೆ ಹಾಕಿದೆ. ನಮ್ಮ ಮನೆಗೆ ಯಾರಾದರೂ ‘ಬರುತ್ತೇವೆ’ ಎಂದು ಮೊದಲೇ ಹೇಳಿ ಬರುವುದು ನಿಂತುಹೋಗಿ ಬಹಳ ಕಾಲವಾಗಿತ್ತು. ಆ ಉತ್ಸಾಹ ನನ್ನ ತಲೆಗೆ ಏರಿರಬೇಕು. ಶುಕ್ರವಾರವೇ ಜೇಡರ ಬಲೆ ತೆಗೆದೆ. ಶೋಕೇಸಿನ ಗಾಜು ಒರೆಸಿದೆ. ದಿವಾನಿಗೆ ಒಗೆದ ಹೊದಿಕೆ ಹಾಕಿದೆ. ಶನಿವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೇಸರಿಬಾತು ಮಾಡಿ, ಮೇಲೆ ದ್ರಾಕ್ಷಿ ಗೋಡಂಬಿ ಹಾಕಿ ಮುಚ್ಚಿಟ್ಟೆ. ಬಾಗಿಲ ಮುಂದೆ ರಂಗೋಲಿ ಸ್ವಲ್ಪ ದೊಡ್ಡದಾಗಿಯೇ ಬಿಟ್ಟೆ. ಧರಣೇಂದ್ರಯ್ಯನವರ ಮನೆಯವರು ಸುಮತಮ್ಮ ಗೇಟಿನ ಬಳಿ ನಿಂತು ನೋಡಿ, “ಏನೇ ಜಯಾ, ಹೆಣ್ಣು ನೋಡಕ್ಕೆ ಬತ್ತಾವ್ರಾ?” ಎಂದರು. ಇಲ್ಲ ಸುಮತಕ್ಕ, ಇಂಟರ್ನೆಟ್ ಬರ್ತಾ ಇದೆ ಎಂದೆ. ಅವರು ನಕ್ಕ ರೀತಿ ನೋಡಿ, ಒಳಗೆ ಬಂದು ಸೀರೆ ಬದಲಾಯಿಸಲಾ ಎಂದು ಯೋಚಿಸಿದೆ. ಬದಲಾಯಿಸಲಿಲ್ಲ. ರಂಗೋಲಿಯನ್ನಂತೂ ಅಳಿಸುವಂತಿಲ್ಲವಲ್ಲ.

ಹತ್ತಾಯಿತು, ಹನ್ನೆರಡಾಯಿತು. ಬೀದಿಯಲ್ಲಿ ಬೈಕಿನ ಸದ್ದಾದರೆ ಎದ್ದು ಕಿಟಕಿಗೆ ಹೋಗುವುದು, ಬೇರೆಯವರೆಂದು ತಿಳಿದು ವಾಪಸು ಬರುವುದು, ಇದೇ ಕೆಲಸವಾಯಿತು. ಮಧ್ಯೆ ಹಳೆಯ ಡಬ್ಬಿಯ ಮುಂದೆ ನಿಂತು ಒಂದು ಸಲ ಸ್ಪೀಡ್ ಟೆಸ್ಟ್ ಮಾಡಿದೆ. ಮೂರೂವರೆ. ಈ ಸಲ ಅದಕ್ಕೆ ಏನೂ ಸೇರಿಸಿಕೊಳ್ಳಲಿಲ್ಲ. ಕಂಪನಿಯವರು ಬಾರದಿದ್ದರೆ ಒಳ್ಳೆಯದು ಎಂದು ಒಂದು ಮನಸ್ಸು, ಕೇಸರಿಬಾತು ಆರಿಹೋಗುತ್ತಿದೆಯಲ್ಲ ಎಂದು ಇನ್ನೊಂದು ಮನಸ್ಸು. ಐದು ಗಂಟೆಯೂ ಕಳೆದು, ಇನ್ನೇನು ದಿವಾನಿನ ಹೊದಿಕೆ ತೆಗೆಯೋಣ ಎನ್ನುವಾಗ ಬೈಕು ನಿಂತಿತು.

ಬಂದವರು ಲೋಕೇಶ ಎಂದು, ಗಂಡಸಿ ಕಡೆಯವರು, ನಲವತ್ತರ ಆಸುಪಾಸು. “ಜಾವಗಲ್ಲಿನಾಗೆ ಒಂದು ಮನೇಲಿ ತಡ ಆಗೋಯ್ತು ಮೇಡಂ, ಅವ್ರ ನಾಯಿ ಒಳಗ್ ಬಿಡ್ಲಿಲ್ಲ” ಎನ್ನುತ್ತ ಒಳಗೆ ಬಂದರು. ಕೇಸರಿಬಾತಿನ ತಟ್ಟೆ ಮುಂದಿಟ್ಟಾಗ ಒಂದು ಕ್ಷಣ ಗಾಬರಿಯಾದರು. ಮನೆಯಲ್ಲಿ ಏನಾದರೂ ವಿಶೇಷವಿದೆಯೇನೋ, ತಾವು ಹೊತ್ತಲ್ಲದ ಹೊತ್ತಿನಲ್ಲಿ ಬಂದೆವೇನೋ ಎಂದು ಸುತ್ತ ನೋಡಿದರು. ಆಮೇಲೆ ತಿಂದರು, ಎರಡನೇ ಸಲವೂ ಹಾಕಿಸಿಕೊಂಡರು. ತಿನ್ನುತ್ತಲೇ ಫೋನು ತೆಗೆದು ಕಂಪನಿಯ ಪ್ರಶ್ನೆಗಳನ್ನು ಕೇಳಿದರು.

“ಮನೇಲಿ ಎಷ್ಟು ಜನ ಯೂಸ್ ಮಾಡ್ತೀರ ಮೇಡಂ?”

“ಒಬ್ಬಳೇ.”

“ಒಬ್ರಿಗೆ ನೂರು ಹಾಕ್ಸವ್ರೆ?”

ನಾನು ಕಾಂಪೌಂಡಿನ ಕಡೆ ನೋಡಿದೆ. ಧರಣೇಂದ್ರಯ್ಯನವರು ತೆಂಗಿನ ಗಿಡಕ್ಕೆ ನೀರು ಹಾಕುವವರ ಹಾಗೆ ಅಲ್ಲಿಯೇ ನಿಂತಿದ್ದರು. ಬಕೆಟ್ಟು ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು. “ಇನ್ನೊಂದ್ ಸ್ವಲ್ಪ ಹಾಕಲಾ?” ಎಂದು ಕೇಸರಿಬಾತಿನ ಪಾತ್ರೆ ಎತ್ತಿಕೊಂಡೆ.

ಡಬ್ಬಿ ಎಲ್ಲಿ ಹಾಕುವುದು ಎಂಬ ಪ್ರಶ್ನೆ ಬಂತು. ನಮ್ಮ ನಡುಮನೆಯಲ್ಲಿ ಸರಿಯಾಗಿ ಕೆಲಸ ಮಾಡುವ ಪ್ಲಗ್ಗು ಇರುವುದು ಎರಡು. ಒಂದು ಟಿ.ವಿ.ಯದು, ಹಳೆಯ ಡಬ್ಬಿಯೂ ಅದಕ್ಕೇ ಜೋತುಬಿದ್ದಿತ್ತು. ಇನ್ನೊಂದು ನಮ್ಮವರ ಫೋಟೋದ್ದು. ಫೋಟೋದ ಮೇಲೆ ಒಂದು ಸಣ್ಣ ಕೆಂಪು ಬಲ್ಬು ಇದೆ, ಅದರ ವೈರು ಅಲ್ಲಿಗೆ ಬರುತ್ತದೆ. ಲೋಕೇಶ ಎಲ್ಲ ಕಡೆ ನೋಡಿ, ಮನೆಗೆಲ್ಲ ಸಿಗ್ನಲ್ ಸಿಗಬೇಕಾದರೆ ಫೋಟೋ ಇರುವ ಗೋಡೆಯೇ ಸರಿ ಎಂದರು. “ಈ ಬಲ್ಬು ತೆಗ್ದು ಹಾಕ್ಲಾ ಮೇಡಂ?” ಎಂದು ಕೇಳಿ, ಫೋಟೋ ನೋಡಿ, ನನ್ನ ಮುಖ ನೋಡಿ, ಕೈ ವಾಪಸು ತೆಗೆದುಕೊಂಡರು. ಆಮೇಲೆ ತಮ್ಮ ಬ್ಯಾಗಿನಿಂದ ಒಂದು ಮಲ್ಟಿಪ್ಲಗ್ ಹುಡುಕಿ ತೆಗೆದು, ಎರಡನ್ನೂ ಸೇರಿಸಿ ಹಾಕಿದರು. ನಮ್ಮವರ ಮೀಸೆಯ ಕೆಳಗೆ ಸರಿಯಾಗಿ ಹೊಸ ಡಬ್ಬಿ ಬಂದು ಕೂತಿತು. ಬದುಕಿದ್ದಾಗ ಟಿಕೆಟ್ ಮೆಷಿನ್ನನ್ನೂ ಹಾಗೇ ಎದೆಗೆ ತಗುಲಿಸಿಕೊಂಡಿರುತ್ತಿದ್ದರು.

ಸುಣ್ಣ ಉದುರಿತು, ನಾನು ಹೇಳಿದ್ದ ನೆಪಗಳಲ್ಲಿ ಅದೊಂದಾದರೂ ನಿಜವಾಯಿತು. ವೈರು ಒಳಗೆ ಬಂತು, ಹೊಸ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ಹಳೆಯ ಡಬ್ಬಿಯನ್ನು ನಾನೇ ಆರಿಸಿದೆ. ಫೋನಿನ ಪಟ್ಟಿಯಿಂದ ‘ಮೊಸರು ಇಲ್ಲ’ ಹೋಯಿತು. ಆ ಜಾಗದಲ್ಲಿ ಕಂಪನಿ ಇಟ್ಟ ಒಂದು ಹೆಸರು, ಅರ್ಥವಿಲ್ಲದ ಅಕ್ಷರ ಮತ್ತು ಅಂಕಿಗಳು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಸುಣ್ಣದ ಧೂಳು ಎಂದು ಸೆರಗಿನಿಂದ ಒರೆಸಿಕೊಂಡೆ.

“ವೈಫೈಗೆ ಹೆಸರು ಏನ್ ಇಡಾನ ಮೇಡಂ?” ಎಂದರು ಲೋಕೇಶ.

“ನಾವು ಹೇಳಿದ್ದು ಇಡಬಹುದಾ?”

“ಏನ್ ಬೇಕಾದ್ರೂ ಇಡ್ಬೋದು. ಹಳೇದೇ ಬೇಕಂದ್ರೆ ಹಳೇದೇ ಹಾಕ್ತೀನಿ, ಏನಿತ್ತು?”

ತಿಂಗಳುಗಟ್ಟಲೆ ನಾನು ಒಳಗೊಳಗೇ ಸಾಯುತ್ತಿದ್ದ ವಿಷಯ ಇಷ್ಟೇ ಆಗಿತ್ತು. ಹೆಸರು ಡಬ್ಬಿಯೊಳಗೆ ಇರಲಿಲ್ಲ. ನನ್ನ ಪೆದ್ದುತನಕ್ಕೆ ನಗಬೇಕೋ ಅಳಬೇಕೋ ತಿಳಿಯದೆ, “ಮೊಸರು ಇಲ್ಲ” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಊಟಕ್ಕೆ ಕರೆಯುತ್ತಿದ್ದೇನೆ ಎಂದುಕೊಂಡರೋ ಏನೋ, “ಅಯ್ಯೋ ಮೊಸರೇನೂ ಬ್ಯಾಡ ಮೇಡಂ, ಹೊಟ್ಟೆ ತುಂಬೈತೆ” ಎಂದರು. ನಾನು ವಿವರಿಸಿ ಹೇಳಿದೆ. ಹೆಸರು ಯಾಕೆ ಬಂತು ಎನ್ನುವುದನ್ನು ಬಿಟ್ಟು, ಹೆಸರು ಅದು ಎಂದಷ್ಟೇ ಹೇಳಿದೆ. ಅವರು ನಗುತ್ತ ಫೋನಿನಲ್ಲಿ ಬರೆಯಲು ಶುರು ಮಾಡಿದವರು, ಬರೆಯುತ್ತ ಬರೆಯುತ್ತ ಸುಮ್ಮನೆ ಮಾತಿಗೆಂದು, “ಯಾಕ್ ಮೇಡಂ, ಮನೇಲಿ ಮೊಸರು ಇಲ್ವಾ?” ಎಂದರು.

ಮೂರು ವರ್ಷದಿಂದ ಆ ಮಾತು ಗೋಡೆಯ ಕಡೆಯಿಂದ ನನ್ನನ್ನು ಕೇಳುತ್ತಲೇ ಇತ್ತು, ಬಾಯಿಬಿಟ್ಟು ಕೇಳಿದವರು ಮಾತ್ರ ಇವರೇ ಮೊದಲಿಗರು. ನನ್ನ ಬಾಯಿಂದ ತಾನಾಗಿಯೇ ಉತ್ತರ ಬಂದುಬಿಟ್ಟಿತು.

“ತಂದಿದ್ದೀನಿ” ಎಂದೆ. “ಅದನ್ನೇ ಹಾಕಿ. ‘ಮೊಸರು ತಂದಿದ್ದೀನಿ’ ಅಂತ.”

ಲೋಕೇಶ ಅದನ್ನೇ ಹಾಕಿ, ಸ್ಪೀಡ್ ಟೆಸ್ಟ್ ಮಾಡಿ, ತೊಂಬತ್ತೆಂಟು ತೋರಿಸಿ, ಹೊರಟುಹೋದರು. ನಾನು ಫೋಟೋದ ಮುಂದೆ ಸ್ವಲ್ಪ ಹೊತ್ತು ಕೂತೆ. ನಮ್ಮವರ ಭಾಷೆಯಲ್ಲಿ ಅವರಿಗೆ ನಾನು ಕೊಟ್ಟ ಮೊದಲ ಉತ್ತರ ಅದು. ಸಮಾಧಾನವಾಯಿತು. ಎದ್ದು ದೇವರ ದೀಪ ಹಚ್ಚಿದೆ. ದೀಪ ಹಚ್ಚಿದ ಮೇಲೆ ಒಂದು ಹೊಸ ಸಂಕಟ ಶುರುವಾಯಿತು. ಮನೆಯಲ್ಲಿ ಮೊಸರು ಇರಲಿಲ್ಲ. ಮೂರು ವರ್ಷದಿಂದ ಒಂದು ಚಮಚ ಮೊಸರು ನಮ್ಮ ಅಡುಗೆಮನೆಗೆ ಬಂದಿರಲಿಲ್ಲ. ಸ್ಪೀಡಿನ ವಿಷಯದಲ್ಲಿ ಧರಣೇಂದ್ರಯ್ಯನವರಿಗೆ ಸುಳ್ಳು ಹೇಳುವುದು ಬೇರೆ. ಈಗ ಇಡೀ ಬೀದಿಗೆ ಕಾಣುವ ಹಾಗೆ ನಮ್ಮವರಿಗೇ ಸುಳ್ಳು ಹೇಳಿ ಕೂತಿದ್ದೆ. ಒಂದು ಲೋಟ ಹಾಲು ಕಾಯಿಸಿ, ಉಗುರು ಬೆಚ್ಚಗೆ ಆರಿಸಿ, ಹೆಪ್ಪಿಗೆ ಒಂದು ಚೂರು ಮೊಸರು ಕೇಳೋಣ ಎಂದು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದೆ.

ಸುಮತಮ್ಮ ಬಾಗಿಲಲ್ಲಿಯೇ ಕೈ ಆಡಿಸಿದರು. “ದೀಪ ಹಚ್ಚಾಯ್ತಲ್ಲೇ ಜಯಾ. ದೀಪ ಹಚ್ಚಿದ್ ಮ್ಯಾಲೆ ಹಾಲು ಮೊಸರು ಹೊಸಲು ದಾಟಂಗಿಲ್ಲ ಅಂತ ಗೊತ್ತಿಲ್ವಾ? ಬೆಳಗ್ಗೆ ಬಾ.”

“ಬೆಳಗ್ಗೆವರೆಗೂ ಆಗಲ್ಲ ಸುಮತಕ್ಕ.”

“ನೀನು ಮೊಸರು ತಿನ್ನಲ್ಲ ಅಲ್ವಾ? ಯಾರಿಗೆ ಇಷ್ಟು ಅವಸರ?”

ಅಷ್ಟರಲ್ಲಿ ಒಳಗಿನಿಂದ ಧರಣೇಂದ್ರಯ್ಯನವರು ಫೋನು ಹಿಡಿದು ಬಂದರು. ಸ್ಪೀಡಿನ ವಿಚಾರಣೆಗೆ ಬಂದವರ ಕಣ್ಣು ವೈಫೈ ಪಟ್ಟಿಯಲ್ಲಿದ್ದ ನಮ್ಮ ಹೊಸ ಹೆಸರಿನ ಮೇಲೆ ಬಿತ್ತು. ಫೋನನ್ನು ಹೆಂಡತಿಯ ಮುಂದೆ ಹಿಡಿದರು. ಸುಮತಮ್ಮ ಅದನ್ನು ಓದಿದರು. ನಮ್ಮವರು ಹೋದ ದಿನ ನನ್ನ ಚೀಲದಿಂದ ಮೊಸರಿನ ಪ್ಯಾಕೆಟ್ಟು ತೆಗೆದಿಟ್ಟವರು ಅವರೇ. ಅವರು ನನ್ನ ಕೈಯಲ್ಲಿದ್ದ ಖಾಲಿ ಬಟ್ಟಲು ತೆಗೆದುಕೊಂಡು ಬಾಗಿಲ ಪಕ್ಕಕ್ಕಿಟ್ಟರು.

“ನಮ್ಮ ಮೊಸರು ಆಚೆ ಬರಂಗಿಲ್ಲ” ಎಂದರು. “ನಿನ್ನ ಹಾಲು ಒಳಗೆ ಬರಬೋದು. ಹೋಗು, ಪಾತ್ರೆ ತಗೊಂಡ್ ಬಾ. ಇಲ್ಲೇ ಹೆಪ್ಪಾಕನ. ಬೆಳಗ್ಗೆ ತಗೊಂಡ್ ಹೋಗುವಂತೆ. ಈಗ ಕೂತ್ಕೋ, ಏನಾಯ್ತು ಹೇಳು.”

ಹೀಗೆ ನಮ್ಮ ಹಾಲು ಅವರ ಅಡುಗೆಮನೆಯಲ್ಲಿ ಮೊಸರಾಯಿತು. ಆ ಸಂಜೆ ನಾನು ಅವರ ನಡುಮನೆಯಲ್ಲಿ ಕೂತು ಎಷ್ಟು ಹೊತ್ತು ಮಾತಾಡಿದೆನೋ ಲೆಕ್ಕವಿಲ್ಲ. ಅತ್ತದ್ದೂ ಉಂಟು. ಹೊಸ ನೂರರ ಲೈನು ನಮ್ಮ ಮನೆಯಲ್ಲಿ ಒಂದೇ ಒಂದು ಫೋನಿಲ್ಲದೆ, ಫೋಟೋದ ಕೆಳಗೆ ಸುಮ್ಮನೆ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ಧರಣೇಂದ್ರಯ್ಯನವರಿಗೆ ಅದು ಸಹಿಸಲಾಗದೆ, “ಅಷ್ಟು ಸ್ಪೀಡು ದಂಡ ಆಗ್ತಾ ಐತಲ್ಲ ಜಯಮ್ಮ” ಎಂದು ಎರಡು ಸಲ ನೆನಪಿಸಿದರು.

ಬೆಳಿಗ್ಗೆ ಪಾತ್ರೆ ತಂದು ಮುಚ್ಚಳ ತೆಗೆದೆ. ಗಟ್ಟಿ ಮೊಸರು, ಮೇಲೆ ಕೆನೆ. ಫೋಟೋದ ಮುಂದೆ ಇಟ್ಟು ತೋರಿಸಿದೆ. ಹೆಸರು ನಿಜವಾಯಿತು. ಆದರೆ ತಂದ ಮೊಸರನ್ನು ಏನು ಮಾಡುವುದು ಎನ್ನುವುದನ್ನು ನಾನು ಯೋಚಿಸಿರಲಿಲ್ಲ. ಚೆಲ್ಲುವುದಕ್ಕೆ ಮನಸ್ಸಾಗಲಿಲ್ಲ, ಪಕ್ಕದ ಮನೆಗೆ ಕೊಟ್ಟರೆ ಅವರದನ್ನೇ ಅವರಿಗೆ ಕೊಟ್ಟ ಹಾಗೆ. ಕೊನೆಗೆ ಒಂದು ಹಿಡಿ ಅನ್ನಕ್ಕೆ ಎರಡು ಚಮಚ ಹಾಕಿಕೊಂಡು, ಮೂಗು ಹಿಡಿದು, ಉಪ್ಪಿನಕಾಯಿ ನೆಕ್ಕುತ್ತ ತಿನ್ನತೊಡಗಿದೆ. ಇಷ್ಟು ವರ್ಷದ ಸಂಸಾರದಲ್ಲಿ ನಮ್ಮವರು ಒಂದು ದಿನವೂ ನನಗೆ ಮಾಡಿಸಲಾಗದ ಕೆಲಸವನ್ನು ಒಂದು ವೈಫೈ ಹೆಸರು ಮಾಡಿಸುತ್ತಿತ್ತು. ಈಗಲೂ ದಿನಾ ಸಂಜೆ ನನ್ನ ಹಾಲಿನ ಪಾತ್ರೆ ಹೊಸಲು ದಾಟಿ ಪಕ್ಕದ ಮನೆಗೆ ಹೋಗುತ್ತದೆ, ಜೊತೆಗೆ ನಾನೂ ಹೋಗುತ್ತೇನೆ. ನಮ್ಮ ಮನೆಯಲ್ಲಿಯೇ ಹೆಪ್ಪು ಹಾಕುವಷ್ಟು ಮೊಸರು ಈಗ ನನ್ನ ಬಳಿ ಇದೆ ಎನ್ನುವುದನ್ನು ನಾನೂ ಹೇಳಿಲ್ಲ, ಸುಮತಮ್ಮನೂ ಕೇಳಿಲ್ಲ.

ಆ ಮೊದಲ ದಿನ ಬಾಯಿ ತುಂಬ ಮೊಸರನ್ನ ಇಟ್ಟುಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಾಗ ಕಾಂಪೌಂಡಿನ ಆ ಕಡೆಯಿಂದ ಕೂಗು ಬಂತು.

“ಜಯಮ್ಮಾ, ಇವತ್ತು ಎಷ್ಟು?”

ತೊಂಬತ್ತೆಂಟು. ಜೀವಮಾನದಲ್ಲಿ ಮೊದಲ ಸಲ ಹೇಳಿಕೊಳ್ಳಲು ಒಂದು ನಿಜವಾದ ಸಂಖ್ಯೆ ಇತ್ತು, ಬಾಯಿ ತೆರೆಯುವ ಹಾಗಿರಲಿಲ್ಲ. ನಮ್ಮ ಯಜಮಾನರ ಹಾಗೆ ಕಿಟಕಿಯಿಂದ ಸುಮ್ಮನೆ ತಲೆ ಆಡಿಸಿದೆ.